ಪಿಯಾನೋ ಕ್ಲಾಸಿಗೆ ಹಚ್ಚೀರಿ, ಮುಂದ?

ನಮ್ಮ ಓಣ್ಯಾಗ ಸದ್ಯ ಮೂರು ಮನಿ ಹುಡುಗೂರು ಪಿಯಾನೋ ಕ್ಲಾಸಿಗೆ ಹೋಗ್ತಾವ. ಪಿಯಾನೋ ಅನ್ನೋದು ಹೆಸರಿಗಷ್ಟ. ಖರೇ ಪಿಯಾನೋಕ್ಕ 88 ಪಟ್ಟಿ ಇರ್ತಾವ, ನಮ್ಮ ಮನಿಗೋಳಾಗ ಇರೋದು 61 ಪಟ್ಟಿ ಕೀಬೋರ್ಡು. ಇರಲಿ, ಸುರುವಾತಿಗೆ ಅಷ್ಟು ಸಾಕು.

ಹೋದ ವಾರ ಹಪ್ಪಳ ಲಟ್ಟಿಸೋ ಮುಂದ ಇದೇ ಮಾತು ಬಂತು. ಎದುರು ಮನಿ ವೈನಿ, "ಮೂರು ತಿಂಗಳಾತು, ಬರೇ ಸ್ಕೇಲು ಬಾರಿಸಿ ಬಾರಿಸಿ ನಮ್ಮ ಹುಡುಗಿ ಬ್ಯಾಸತ್ತಾಳ, ಒಂದು ಹಾಡು ಬರೂದಿಲ್ಲ" ಅಂದ್ರು. ಬಾಜೂ ಮನಿಯಾಕಿ, "ನಮ್ಮಾಂವಗ ಆಗಲೇ ಮೂರು ಸಿನೆಮಾ ಹಾಡು ಬರ್ತಾವ ನೋಡ್ರಿ" ಅಂತ ಮಗನ್ನ ಕರದು ಕೂಡಿಸಿದ್ಲು. ಹುಡುಗ ಭಾಳ ಛಲೋ ಬಾರಿಸಿದ. ಆದ್ರ "ಎರಡನೇ ಸಾಲಿನಿಂದ ಬಾರಿಸಪ್ಪಾ" ಅಂದ್ರ ಆಗಲಿಲ್ಲ, ಮತ್ತ ಮೊದಲಿನಿಂದ ಬರಬೇಕು. ಪಟ್ಟಿ ಮ್ಯಾಲೆ ನಂಬರಿನ ಚೀಟಿ ಹಚ್ಚಿ ಕಲಿಸ್ಯಾರ. ಚೀಟಿ ಕಿತ್ತರ ಹಾಡೂ ಹೋತು.

ನನ್ನ ಕೇಳಿದ್ರ ಎರಡೂ ಹುಡುಗೂರಿಗೆ ಮೋಸನ ಆಗೇದ. ಒಂದಕ್ಕ ಬರೇ ಉಪವಾಸ, ಇನ್ನೊಂದಕ್ಕ ಬರೇ ಪೇಡೆ.

ಇದನ್ನ ಹೇಳ್ಲಿಕ್ಕೆ ನನಗೇನು ಅಧಿಕಾರ ಅಂತೀರೇನು? ನಾ ಸಣ್ಣಾಕಿದ್ದಾಗ ಪೇಟಿ ಕಲ್ತಾಕಿ. ನನ್ನ ಮಗಳಿಗೂ ನಾನ ಕಲಿಸಿದೆ. ಒಂದು ವರ್ಷ ಪೂರಾ ಅಲಂಕಾರ. ಅಕಿ ಒಂದು ಹಾಡು ಕೇಳ್ಕೊಂಡು ಬಂದು "ಅವ್ವಾ, ಇದನ್ನ ಹೇಳಿಕೊಡು" ಅಂತ ಎಷ್ಟು ಸಲ ಕಾಡಿದ್ಲು. "ಮೊದಲು ಕೈ ಕೂಡ್ಲಿ" ಅಂದೆ. ನಾಕನೇತ್ತಾ ಇದ್ದಾಗ ಒಂದು ದಿನ ಪೇಟಿ ಮುಚ್ಚಿಟ್ಟಾಕಿ ಮತ್ತ ಮುಟ್ಟಲಿಲ್ಲ. ಅಕಿಗೆ ಆಸಕ್ತಿ ಇಲ್ಲ ಅಂತ ಎಲ್ಲಾರ ಮುಂದ ಹೇಳ್ಕೋತ ಬಂದೆ. ಆಸಕ್ತಿ ಇತ್ತು. ನಾ ಬಿಡಿಸಿದೆ.

ಹಿಂಗಾಗಿ ಈ ಸಲ ಸೂಟ್ಯಾಗ ವೈನಿ ಮಗಳು ಕೀಬೋರ್ಡು ಹೊತ್ಕೊಂಡು ಬಂದಾಗ ಸ್ಕೇಲಿನ ಸುದ್ದೀನ ತಗೀಲಿಲ್ಲ. "ಬರೇ ಕರೀ ಪಟ್ಟಿ ಬಾರ್ಸು, ಬಿಳೀದು ಮುಟ್ಟಬ್ಯಾಡ" ಅಂದೆ. ಕರೀ ಪಟ್ಟಿ ಎರಡರದ್ದೊಂದು ಗುಂಪು, ಮೂರರದ್ದೊಂದು ಗುಂಪು ಇರ್ತಾವಲ್ಲಾ. ಮೂರರ ಗುಂಪಿನ ಮೊದಲನೇದನ್ನ ಸಾ ಮಾಡಿದ್ರ ಭೂಪ ಬರ್ತದ. ಎರಡರ ಗುಂಪಿನ ಮೊದಲನೇದು ಸಾ ಆದ್ರ ಅವೇ ಐದು ಪಟ್ಟಿಯೊಳಗ ದುರ್ಗಾ. ಮೂರರ ಗುಂಪಿನ ಕಡೀದನ್ನ ಸಾ ಹಿಡದ್ರ ಮಾಲಕಂಸದ ಸ್ವರ! ಹುಡುಗಿ ಕಣ್ಣು ಅರಳಿಸಿ, "ಅಜ್ಜೀ, ತಪ್ಪ ಆಗವಲ್ಲದಲ್ಲಾ" ಅಂದ್ಲು.

ಆದ್ರ ಆಟಕ್ಕ ಒಂದು ಕಟ್ಟು ಇಟ್ಟೆ. ನಾ ಎಂಟು ಮಾತ್ರಾ ಚಪ್ಪಾಳಿ ಹಾಕೋದು, ಅಕಿ ಎಂಟು ಮುಗಿಯೋದ್ರಾಗ ಸಾಕ್ಕ ಬಂದು ಕೂಡಬೇಕು. ಎಡಗೈ ತಂಬೂರಿ ಹಂಗ ಸಾ ಹಿಡದಿರಬೇಕು. ಪೇಟಿಯವ್ರು ನಾವು ಎಡಗೈಯಿಂದ ತಿದಿ ಹಾಕ್ತೀವಿ, ಅದಕ್ಕ ಮರೀತೀವಿ. ಪಿಯಾನೋದಾಗ ಎಡಗೈಗೂ ಬಲಗೈಯಷ್ಟೇ ಕೆಲಸ. ಮೊದಲನೇ ವಾರದಿಂದ ಅದನ್ನ ಕೂಡಿಸದಿದ್ರ ಮುಂದ ಅದು ಮಲಗೇ ಇರ್ತದ. ಅರ್ಧ ತಾಸಿನ್ಯಾಗ ತಾಳ, ಸ್ವರ, ಎರಡೂ ಕೈ ಎಲ್ಲಾ ಬಂತು, ಹುಡುಗಿಗೆ ಆಟ ಆಡಿಧಂಗ ಆತು.

ಹಂಗಂತ ಎಲ್ಲಾನೂ ಆಟ ಮಾಡ್ಲಿಕ್ಕೆ ಬರೂದಿಲ್ಲ. ಬೆರಳಿನದ್ದು ಹಟ ಹಿಡದು ತಿದ್ದಬೇಕು. ಎರಡೂ ಕೈಯಾಗ ಹೆಬ್ಬೆರಳು ಒಂದು, ಕಿರಿಬೆರಳು ಐದು. ಬಿಳೀ ಪಟ್ಟಿಯ ಸಾರೆಗ ಆದ ಮ್ಯಾಲೆ ಬಲಗೈ ಹೆಬ್ಬೆರಳು ಕೆಳಗ ನುಸುಳಿ ಮ ಹಿಡೀಬೇಕು. ಇದು ಬ್ಯಾಸರದ ಕೆಲಸ, ಖರೆ. ಒಂದೇ ಬೆರಳಿಂದ ಕುಟ್ಟಿದ್ರೂ ಹಾಡು ಬರ್ತದಲ್ಲಾ ಅಂತ ಬಿಟ್ರ, ಲಗೂನ ಬಾರಿಸೋ ಹೊತ್ತಿಗೆ ಕೈ ಸಿಕ್ಕೊಂಡು ಬಿಡ್ತದ. ಐದು ಗೆರಿ ಓದೋದೂ ಹಂಗ. ದಿನಾ ಐದೇ ಐದು ನಿಮಿಷ, ಆದ್ರ ದಿನಾ. ಆ ಕೀಬೋರ್ಡಿನ ತಬಲಾ-ಡ್ರಮ್ಮಿನ ಗುಂಡಿ ಮಾತ್ರ ಕಡೀಕ ಒತ್ತಲಿಕ್ಕೆ ಕೊಡ್ರಿ, ಊಟ ಆದ ಮ್ಯಾಲೆ ಬಾಳೇಹಣ್ಣು ಕೊಟ್ಟಂಗ.

ಗ್ರೇಡಿನ ಪರೀಕ್ಷಾದ ಗಡಿಬಿಡಿಯಂತೂ ನನಗ ಮನಸ್ಸಿಗೆ ಬರೂದಿಲ್ಲ. ಪರೀಕ್ಷಾಕ್ಕ ಮೂರು ಹಾಡು ಅಂದ್ರ ವರ್ಷ ಪೂರಾ ಆ ಮೂರನ್ನೇ ತಿಕ್ಕಸ್ತಾರ. ಅದಕ್ಕಿಂತ ವರ್ಷಕ್ಕ ಇಪ್ಪತ್ತು ಸಣ್ಣ ಸಣ್ಣ ಹಾಡು ಅರ್ಧಮರ್ಧ ಬಂದ್ರೂ ಛಲೋ. ಅದರಾಗ ಹುಡುಗೂರು ತಾವಾಗಿ ಆರಿಸಿಕೊಂಡದ್ದು ನಾಕರೆ ಇರಬೇಕು. ಮತ್ತ ನಾವು ಅವ್ವಂದಿರು, ಅಜ್ಜಿಯಂದಿರು, ಬೀಗರು ಬಂದ ಕೂಡ್ಲೆ "ಎಲ್ಲಿ, ಒಂದು ಹಾಡು ಬಾರಿಸಿ ತೋರ್ಸು" ಅನ್ನೋದನ್ನೂ ವಿಡಿಯೋ ಹಿಡಿಯೋದನ್ನೂ ಒಂದು ವರ್ಷ ಬಿಡೋಣು. ಕಲಿಸೋರು ಚೀಟಿ ಹಚ್ಚೋದು ನಮ್ಮ ಈ ಅವಸರಕ್ಕ.

ಮೊನ್ನೆ ಆ ಹುಡುಗಿ ಬಾರಿಸ್ಲಿಕ್ಕೆ ಹತ್ತಿದಾಗ ಮಗಳ ಫೋನು ಬಂತು. "ಯಾರವ್ವಾ ಅದು?" ಅಂದ್ಲು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲೆ, "ನಮ್ಮ ಪೇಟಿ ಇನ್ನೂ ಅಟ್ಟದ ಮ್ಯಾಲೇ ಅದ ಏನು?" ಅಂತ ಕೇಳಿದ್ಲು. ಇಳಿಸೀನಿ. ತಿದಿ ಒಂದು ಕಡೆ ಹರದದ, ರಿಪೇರಿಗೆ ಕೊಡಬೇಕು. ನಿಮಗ್ಯಾರಿಗರೆ ಛಲೋ ಪೇಟಿ ರಿಪೇರಿಯವ್ರು ಗೊತ್ತಿದ್ರ ತಿಳಸ್ರಿ, ಅಕಿ ದೀಪಾವಳಿಗೆ ಬರ್ತಾಳ.