ಇತಿಹಾಸಕ್ಕೆ ಮುಂಗಡ ಕಟ್ಟಬೇಡಿ

ಮೊನ್ನೆ ಶುಕ್ರವಾರ ರುವಿಯಲ್ಲಿರುವ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಮಗನಿಗೆ ಹನ್ನೆರಡು ವರ್ಷ. ಹುಟ್ಟಿದ್ದು, ಬೆಳೆದದ್ದು ಎಲ್ಲ ಮಸ್ಕತ್‌ನಲ್ಲೇ. ನನ್ನ ತಟ್ಟೆ ಖಾಲಿಯಾಗುವ ಮೊದಲೇ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಇನ್ನೂ ಬಿಡುಗಡೆಯಾಗದ ಒಂದು ಸ್ಟ್ರಾಟೆಜಿ ಗೇಮ್.

"ಅಂಕಲ್, ಈಗ್ಲೇ ಪ್ರೀ-ಆರ್ಡರ್ ಮಾಡಿದ್ರೆ ಒಂದು ಫ್ಯಾಕ್ಷನ್ ಫ್ರೀ. ಆಮೇಲೆ ತಗೊಂಡ್ರೆ ಅದಕ್ಕೆ ಬೇರೆ ದುಡ್ಡು. ಅಪ್ಪಂಗೆ ನೀವೇ ಹೇಳಿ."

ಫ್ಯಾಕ್ಷನ್ ಅಂದರೆ ಬಣ. ಆಟದಲ್ಲಿ ನೀವು ಯಾರ ಪರವಾಗಿ ಆಡುತ್ತೀರೋ ಅವರು. ಹುಡುಗ ಬಣಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಆಮೇಲೆ ಕೇಳಿದ: "ಇದ್ರಲ್ಲಿ ನಾವು ಯಾರು?"

ಅಷ್ಟರಲ್ಲಿ ಅವನ ಅಪ್ಪ ಕಾರ್ಡ್ ತೆಗೆದಿದ್ದರು. "ಇಪ್ಪತ್ತೇಳು ರಿಯಾಲ್ ತಾನೇ, ಹೋಗ್ಲಿ ಬಿಡಿ" ಅಂದರು. ನಾನು ಬೇಡ ಅಂದೆ. ಹುಡುಗ ಮುಖ ಊದಿಸಿಕೊಂಡು ಒಳಗೆ ಹೋದ. ಯಾಕೆ ಬೇಡ ಅಂದೆ ಅನ್ನೋದನ್ನ ಅವತ್ತು ಸರಿಯಾಗಿ ಹೇಳಲಿಲ್ಲ. ಈಗ ಅವನಿಗೂ, ಅವನ ಅಪ್ಪನಿಗೂ, ಇಂಥದೇ ಮನೆಯಲ್ಲಿ ಕೂತಿರುವ ನಿಮಗೂ ಹೇಳುತ್ತೇನೆ.

ಮೊದಲು ವ್ಯಾಪಾರದ ಮಾತು. ಅಂಗಡಿಯಲ್ಲಿ ಪೆಟ್ಟಿಗೆಗಳು ಮಾರಾಟವಾಗುತ್ತಿದ್ದ ಕಾಲದಲ್ಲಿ ಮುಂಗಡ ಕಾಯ್ದಿರಿಸುವುದಕ್ಕೆ ಒಂದು ಅರ್ಥವಿತ್ತು. ಸರಕು ಮುಗಿದು ಹೋಗಬಹುದಿತ್ತು. ಡೌನ್‌ಲೋಡ್ ಯಾವತ್ತೂ ಮುಗಿಯುವುದಿಲ್ಲ. ಹಾಗಾಗಿ ಕೊರತೆಯನ್ನು ಕೃತಕವಾಗಿ ಹುಟ್ಟಿಸಬೇಕು. ಅದಕ್ಕೆ ಸುಲಭದ ದಾರಿ ಅಂದರೆ ಒಂದು ಬಣಕ್ಕೆ ಬೀಗ ಹಾಕುವುದು.

2013ರಲ್ಲಿ 'ಟೋಟಲ್ ವಾರ್: ರೋಮ್ 2' ಬಂದಾಗ ಅಥೆನ್ಸ್, ಸ್ಪಾರ್ಟಾ, ಎಪಿರಸ್ ಮೂರೂ ಪ್ರೀ-ಆರ್ಡರ್ ಬೋನಸ್. ಪ್ರಾಚೀನ ಜಗತ್ತಿನ ಆಟ, ಆದರೆ ಸ್ಪಾರ್ಟಾ ಹೊರಗೆ! ಆ ಗೇಮ್ ಎಷ್ಟು ದೋಷಗಳೊಂದಿಗೆ ಬಿಡುಗಡೆಯಾಯಿತೆಂದರೆ ತಯಾರಕರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಮುಂಗಡ ಕೊಟ್ಟವರು ಅಷ್ಟರಲ್ಲಿ ದುಡ್ಡು ಕೊಟ್ಟಾಗಿತ್ತು. 2016ರ 'ಸಿವಿಲೈಸೇಷನ್ 6'ರಲ್ಲಿ ಅಜ್ಟೆಕ್ ಜನ ಬೋನಸ್. ಉಳಿದವರಿಗೆ 90 ದಿನ ಕಾದ ಮೇಲೆ ಉಚಿತ. ಕೆಲಸ ಬಾಕಿ ಇತ್ತು ಅಂತ ಕಾಯಿಸಿದ್ದಲ್ಲ. ಮೊದಲ ದಿನವೇ ಕೆಲವರು ಅದನ್ನು ಆಡುತ್ತಿದ್ದರಲ್ಲ.

2025ರ ಫೆಬ್ರವರಿಯಲ್ಲಿ ಬಂದ 'ಸಿವಿಲೈಸೇಷನ್ 7' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಶಾನಿ ಜನಾಂಗ ಮತ್ತು ಅವರ ನಾಯಕ ಟೆಕುಮ್ಸೆ ಪ್ರೀ-ಆರ್ಡರ್ ಬೋನಸ್. ಶಾನಿಗಳು ಅಮೆರಿಕದಲ್ಲಿ ಇಂದಿಗೂ ಬದುಕಿರುವ ಜನ, ತಮ್ಮ ಭಾಷೆ ಉಳಿಸಿಕೊಳ್ಳಲು ಹೆಣಗುತ್ತಿರುವ ಜನ. ತಯಾರಕರು ಅವರ ಮುಖಂಡರ ಜೊತೆ ಕೂತು ಕೆಲಸ ಮಾಡಿದರು, ಅದು ಮೆಚ್ಚಬೇಕಾದ್ದೇ. ಆದರೆ ಮಾರುವ ಹೊತ್ತಿಗೆ ಏನಾಯಿತು? ಸೋಪಿನ ಜೊತೆ ಚಮಚ ಕೊಟ್ಟ ಹಾಗೆ ಒಂದು ಸಮುದಾಯವನ್ನು ಕೊಟ್ಟರು.

"ಗೇಮ್ ತಾನೇ, ಇಷ್ಟೆಲ್ಲ ಯಾಕೆ?" ಅಂತೀರಿ. ಸರಿ, ನಮ್ಮ ವಿಷಯಕ್ಕೇ ಬರೋಣ. 'ಏಜ್ ಆಫ್ ಎಂಪೈರ್ಸ್ 2'ರಲ್ಲಿ ಇಡೀ ಭಾರತಕ್ಕೆ ಮೊದಲು ಒಂದೇ ಬಣ ಇತ್ತು: ಇಂಡಿಯನ್ಸ್. 2022ರ ಏಪ್ರಿಲ್‌ನಲ್ಲಿ 'ಡೈನಸ್ಟೀಸ್ ಆಫ್ ಇಂಡಿಯಾ' ಬಂದಾಗ ಅದನ್ನು ಒಡೆದರು. ಬಂಗಾಳಿಗಳು, ಗುರ್ಜರರು, ಹಿಂದುಸ್ತಾನಿಗಳು ಆದರು. ನಮ್ಮ ಪಾಲಿಗೆ ಬಂದದ್ದು 'ದ್ರಾವಿಡಿಯನ್ಸ್'. ಕಥೆ ರಾಜೇಂದ್ರ ಚೋಳನದು, ಸೈನಿಕರು ಮಾತಾಡುವುದು ತಮಿಳು. ತಮಿಳರ ಮೇಲೆ ಕೋಪ ಬೇಡ, ಆ ಹೆಮ್ಮೆ ಅವರದೇ. ನನ್ನ ತಕರಾರು ಲೇಬಲ್ ಬಗ್ಗೆ. ಚೋಳರ ಜೊತೆ ತಲೆಮಾರುಗಟ್ಟಲೆ ಕಾದಾಡಿದ ಕಲ್ಯಾಣದ ಚಾಲುಕ್ಯರು, ಜೊತೆಗೆ ಹೊಯ್ಸಳರು, ವಿಜಯನಗರದವರು ಎಲ್ಲರೂ ಅದೇ ಚೀಲದಲ್ಲಿ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಡೇಟಾ ಸೈನ್ಸ್. ಮಾಹಿತಿ ತೀರಾ ಕಡಿಮೆ ಇದ್ದಾಗ ಎರಡು ವರ್ಗಗಳನ್ನು ಸೇರಿಸಿ ಒಂದು ಮಾಡುತ್ತೇವೆ. ಆದರೆ ಕನ್ನಡ ನಾಡಿನ ವಿಷಯದಲ್ಲಿ ಮಾಹಿತಿ ಕಡಿಮೆಯೇ? ಊರೂರಲ್ಲಿ ಶಾಸನ ನಿಂತಿವೆ. ಮಾಹಿತಿ ಇದ್ದೂ ಸೇರಿಸಿದರೆ ಅದು ಸೋಮಾರಿತನ.

ಇನ್ನೊಂದು ತಮಾಷೆ ನೋಡಿ. ಆಟದ ದ್ರಾವಿಡರ ಕುದುರೆ ಪಡೆ ತೀರಾ ದುರ್ಬಲ. ಮಸ್ಕತ್‌ನಿಂದ ಸೂರ್ ಕಡೆಗೆ ಹೋಗುವ ದಾರಿಯಲ್ಲಿ ಕಲ್ಹಾತ್ ಅನ್ನೋ ಹಾಳೂರು ಇದೆ. 2018ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಇಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದವು ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ಈ ಸಮುದ್ರ ದಾಟಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ವಿಜಯನಗರಕ್ಕೆ ನಡೆದವು. ಹಂಪಿಯ ಹಜಾರ ರಾಮ ಗುಡಿಯ ಹೊರಗೋಡೆಯಲ್ಲಿ ಇಂದಿಗೂ ಕುದುರೆಗಳ ಸಾಲಿದೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಹೊರಟು ಹೊರ್ಮುಜ್, ಮಸ್ಕತ್, ಕಲ್ಹಾತ್ ಮೂಲಕವೇ ಬಂದು, 1443ರಲ್ಲಿ ದೇವರಾಯನ ಆಸ್ಥಾನ ತಲುಪಿದ. ಅಂದರೆ ನೀವು ಕೆಲಸಕ್ಕೆ ಅಂತ ಬಂದು ಕೂತ ಈ ತೀರಕ್ಕೂ ನಿಮ್ಮ ಊರಿಗೂ ಆರು ನೂರು ವರ್ಷಗಳ ಹಿಂದೆಯೇ ಸಂಬಂಧ ಇತ್ತು.

ಒಮಾನಿಗಳ ಗತಿಯೂ ನಮ್ಮದೇ. ಅದೇ ಆಟದಲ್ಲಿ ಅರಬರೆಲ್ಲ 'ಸಾರಸೆನ್ಸ್' ಎಂಬ ಒಂದೇ ಚೀಲದಲ್ಲಿದ್ದಾರೆ. ಪೋರ್ಚುಗೀಸರಿಗೆ ಮಾತ್ರ 2015ರಿಂದ ಸ್ವಂತ ಬಣ ಇದೆ. ಹಳೆ ಮಸ್ಕತ್‌ನಲ್ಲಿ ಅವರು ಕಟ್ಟಿದ ಜಲಾಲಿ, ಮಿರಾನಿ ಕೋಟೆಗಳು ಇನ್ನೂ ನಿಂತಿವೆ. 1650ರಲ್ಲಿ ಅವರನ್ನು ಇಲ್ಲಿಂದ ಓಡಿಸಿದವರು ಒಮಾನಿಗಳು. ಉಳ್ಳಾಲದಲ್ಲಿ ಅದೇ ಪೋರ್ಚುಗೀಸರನ್ನು ಎದುರಿಸಿದವಳು ಅಬ್ಬಕ್ಕ. ಬಂದವರಿಗೆ ಹೆಸರಿದೆ, ಎದುರು ನಿಂತವರಿಗಿಲ್ಲ.

ಈಗ ಎರಡೂ ಸೇರಿಸಿ ನೋಡಿ. ಹೆಸರು ಸಿಗದೆ ಹಸಿದಿರುವ ನಮ್ಮಂಥವರೇ ಪ್ರೀ-ಆರ್ಡರ್‌ಗೆ ಸುಲಭದ ಗಿರಾಕಿಗಳು. ನಾಳೆ ಯಾವುದೋ ಕಂಪನಿ 'ವಿಜಯನಗರ ಪ್ಯಾಕ್, ಮುಂಗಡ ಕೊಂಡವರಿಗೆ ಮಾತ್ರ' ಅಂದರೆ ದುಬೈನಿಂದ ಡಲ್ಲಾಸ್‌ವರೆಗೆ ಎಷ್ಟು ಕಾರ್ಡ್ ಹೊರಬರುತ್ತವೆ ಹೇಳಿ. ನನ್ನದೂ ಬಂದೀತು, ಅದೇ ಭಯ. ಸೈನಿಕರು ಆಡುವ ಕನ್ನಡ ಸರಿ ಇದೆಯೇ, ಕುದುರೆ ಇದೆಯೇ, ಯಾರೂ ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ, ಗೇಮ್ ಇನ್ನೂ ಬಂದೇ ಇರುವುದಿಲ್ಲ.

"ನಾವು ಕೊಂಡರೆ ತಾನೇ ಅವರಿಗೆ ನಮ್ಮ ಬೇಡಿಕೆ ಗೊತ್ತಾಗೋದು?" ಅನ್ನುವವರಿದ್ದಾರೆ. ಇಲ್ಲ. ಪ್ರೀ-ಆರ್ಡರ್ ಅಂಕಿ ಅಳೆಯುವುದು ಜಾಹೀರಾತು ಎಷ್ಟು ಕೆಲಸ ಮಾಡಿತು ಅನ್ನೋದನ್ನ. ನಿಮಗೆ ಏನು ಬೇಕಿತ್ತು ಅನ್ನೋದು ಆ ಅಂಕಿಯಲ್ಲಿ ಇರುವುದೇ ಇಲ್ಲ.

ಬೀಗ ಅನಿವಾರ್ಯವೂ ಅಲ್ಲ. 'ಯೂರೋಪಾ ಯೂನಿವರ್ಸಾಲಿಸ್ 4'ರಲ್ಲಿ ನಕ್ಷೆಯ ಮೇಲಿರುವ ಯಾವ ರಾಜ್ಯವನ್ನಾದರೂ ಆಡಬಹುದು. ವಿಜಯನಗರ, ಬಹಮನಿ, ಒಮಾನ್ ಎಲ್ಲ ಇವೆ. ಜನ ಬಾಯಿಬಿಟ್ಟರೆ ಬದಲಾಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. 2016ರ 'ಟೋಟಲ್ ವಾರ್: ವಾರ್‌ಹ್ಯಾಮರ್' ಕೇಯಾಸ್ ಬಣವನ್ನು ಪ್ರೀ-ಆರ್ಡರ್‌ಗೆ ಇಟ್ಟಾಗ ಆಟಗಾರರು ಗಲಾಟೆ ಎಬ್ಬಿಸಿದರು. ಮೊದಲ ವಾರ ಕೊಂಡವರಿಗೂ ಕೊಡಬೇಕಾಯಿತು.

ಹಾಗಾಗಿ ನಾನು ಕೇಳುವುದು ಇಷ್ಟೇ. ಬಿಡುಗಡೆಯಾಗಿ ಎರಡು ತಿಂಗಳು ಕಾಯಿರಿ. ಆಡಿದವರು ಏನಂತಾರೆ ಓದಿ, ಆಮೇಲೆ ಕೊಳ್ಳಿ. ಬಣ ತಪ್ಪಿದರೆ ತಪ್ಪಲಿ. ನಮ್ಮ ಇತಿಹಾಸವನ್ನು ತಪ್ಪಾಗಿ ಚೀಲಕ್ಕೆ ತುಂಬಿದ್ದರೆ ತಯಾರಕರಿಗೆ ಬರೆಯಿರಿ, ಯಾವುದು ತಪ್ಪು ಅಂತ ಹೆಸರಿಟ್ಟು ಬರೆಯಿರಿ. 'ಏಜ್ ಆಫ್ ಎಂಪೈರ್ಸ್ 2' ಮನೆಯಲ್ಲಿದ್ದರೆ ಅದರ ಸಿನಾರಿಯೋ ಎಡಿಟರ್ ತೆರೆದು ಮಕ್ಕಳ ಜೊತೆ ತುಂಗಭದ್ರೆ ಎಳೆಯಿರಿ, ಭಟ್ಕಳದ ಬಂದರು ಇಡಿ, ಸಂಭಾಷಣೆಯನ್ನು ಕನ್ನಡದಲ್ಲೇ ಬರೆಸಿ. ನಿಮ್ಮ ಮಗುವಿನ ಕನ್ನಡದಲ್ಲಿ ಕಾಗುಣಿತ ತಪ್ಪಿದರೂ ಪರವಾಗಿಲ್ಲ.

ಮುಂದಿನ ಶುಕ್ರವಾರ ಆ ಹುಡುಗನನ್ನು ಕಲ್ಹಾತ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವನ ಅಪ್ಪನಿಗೂ ಬರಲು ಹೇಳಿದ್ದೇನೆ. ಇಪ್ಪತ್ತೇಳು ರಿಯಾಲ್‌ನಲ್ಲಿ ಪೆಟ್ರೋಲ್, ಊಟ ಎರಡೂ ಆಗತ್ತೆ.