ಜೀವಾವಧಿ ಚೈನ್: ಯಾರ ಜೀವ, ಎಷ್ಟು ಅವಧಿ?

ಕಾರು ಮಾರುವವರ ನಿಘಂಟಿನಲ್ಲಿ ‘ಲೈಫ್‌ಟೈಮ್’ ಎಂಬ ಪದಕ್ಕೆ ವಿಚಿತ್ರವಾದ ಅರ್ಥವಿದೆ. ಎಂಜಿನ್ನಿನ ಒಳಗಿರುವ ಟೈಮಿಂಗ್ ಚೈನ್ ಜೀವಾವಧಿ ಬಾಳಿಕೆಯದು, ಅದನ್ನು ಬದಲಿಸುವ ಪ್ರಮೇಯವೇ ಬಾರದು ಎಂದು ಅವರು ಹೇಳುತ್ತಾರೆ. ಯಾರ ಜೀವಾವಧಿ? ಕೊಂಡವನದೇ, ಎಂಜಿನ್ನಿನದೇ, ಅಥವಾ ವಾರಂಟಿ ಕಾಗದದ್ದೇ? ಚೈನ್ ಸವೆದ ದಿನವೇ ಎಂಜಿನ್ನಿನ ಆಯುಷ್ಯವೂ ತೀರಿತೆಂದು ಘೋಷಿಸಿಬಿಟ್ಟರೆ ಕಂಪನಿಯ ಮಾತು ಎಂದೂ ಸುಳ್ಳಾಗದು. ನಮ್ಮೂರಿನ ಹಳೆಯ ಕಾರೊಂದಕ್ಕೆ ಪೇಟೆಯ ಸರ್ವೀಸ್ ಸೆಂಟರ್ ಒಂದು ನೀಡಿದ ಸಲಹೆ ಇದೇ ಜಾಡಿನದು: ಚೈನ್ ಬದಲಿಸುವುದರಲ್ಲಿ ಅರ್ಥವಿಲ್ಲ, ಗಾಡಿಯನ್ನು ಎಕ್ಸ್‌ಚೇಂಜಿಗೆ ಹಾಕಿ. ಆ ಕಾರು ಊರಿನ ಗ್ಯಾರೇಜಿನವರ ಕೈಯಲ್ಲಿ, ಮನೆಯಂಗಳದಲ್ಲಿಯೇ ದುರಸ್ತಿಯಾಗಿ ಇಂದಿಗೂ ಘಟ್ಟ ಹತ್ತುತ್ತಿದೆ.

ಪರಿಸರದ ಪತ್ರಿಕೆಯಲ್ಲಿ ಕಾರಿನ ಎಂಜಿನ್ನಿನ ಪುರಾಣವೇಕೆ ಎಂದು ಬಳಗದ ಕೆಲವು ಮಿತ್ರರು ಹುಬ್ಬೇರಿಸಬಹುದು. ಕಾರೇ ಪಾಪದ ಯಂತ್ರವಾದ ಮೇಲೆ ಅದರ ರಿಪೇರಿಯ ಚಿಂತೆ ನಮಗೇಕೆ ಎಂಬುದು ಅವರ ವಾದ. ಬಸ್ಸು ದಿನಕ್ಕೆರಡು ಬಾರಿ ಮಾತ್ರ ಬರುವ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹಳ್ಳ ಗುಡ್ಡಗಳಿರುವ ಮಲೆನಾಡಿನಲ್ಲಿ ಹೆರಿಗೆಯ ನೋವು ಎದ್ದವಳನ್ನು ತತ್ತ್ವದ ಮೇಲೆ ಕೂರಿಸಿ ಆಸ್ಪತ್ರೆಗೆ ಒಯ್ಯಲಾಗದು. ಅದಿರಲಿ. ಕಾರು ರಸ್ತೆಗಿಳಿದು ಒಂದು ಕಿಲೋಮೀಟರ್ ಓಡುವ ಮೊದಲೇ ಅದರ ಉಕ್ಕು, ಅಲ್ಯೂಮಿನಿಯಂ, ರಬ್ಬರು, ಪ್ಲಾಸ್ಟಿಕ್‌ಗಳಿಗಾಗಿ ಟನ್‌ಗಟ್ಟಲೆ ಇಂಗಾಲ ಗಾಳಿ ಸೇರಿರುತ್ತದೆ. ಎಲ್ಲೋ ಒಂದು ಬೆಟ್ಟ ಬೋಳಾಗಿರುತ್ತದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಾಗ ಸಂಭ್ರಮಿಸಿದವರು ನಾವು. ಅದಿರು ಬೇಡವೆನ್ನುವವನು ಆಗಲೇ ಅಗೆದು, ಕರಗಿಸಿ, ಎರಕ ಹೊಯ್ದ ಕಬ್ಬಿಣವನ್ನು ಇನ್ನೂ ಹತ್ತು ವರ್ಷ ದುಡಿಸಬಲ್ಲ ವಿದ್ಯೆಯನ್ನು ಹಗುರವಾಗಿ ಕಾಣುವುದು ಎಂಥ ಪರಿಸರಪ್ರೇಮ?

ಚೈನ್ ಮಾಡುವ ಕೆಲಸ ಸರಳವಾದುದು. ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ ದಂಡ ಒಂದೇ ಸುತ್ತು ತಿರುಗಬೇಕು. ಆಗ ಮಾತ್ರ ವಾಲ್ವ್‌ಗಳು ತಕ್ಕ ಗಳಿಗೆಯಲ್ಲಿ ತೆರೆದು ಮುಚ್ಚುತ್ತವೆ. ನಿಮಿಷಕ್ಕೆ ಮೂರು ಸಾವಿರ ಸುತ್ತಿನ ವೇಗದಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆಯುತ್ತದೆ. ಚೈನ್ ಒಂದೆರಡು ಹಲ್ಲು ಹಾರಿತೆಂದರೆ ತಾಳ ತಪ್ಪಿತು. ಈಗಿನ ಬಹುಪಾಲು ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೇರಿ ಬಂದು ತೆರೆದ ವಾಲ್ವ್‌ಗೆ ಗುದ್ದುತ್ತದೆ, ವಾಲ್ವ್ ಬಾಗುತ್ತದೆ, ಎಂಜಿನ್ ಅಲ್ಲಿಗೇ ಮಲಗುತ್ತದೆ.

ಚೈನ್ ‘ಹಿಗ್ಗುತ್ತದೆ’ ಎನ್ನುವುದು ರೂಢಿಯ ಮಾತು. ನಿಜಕ್ಕೂ ಉಕ್ಕು ಹಿಗ್ಗುವುದಿಲ್ಲ. ಕೊಂಡಿ ಕೊಂಡಿಯಲ್ಲಿರುವ ಪಿನ್ನುಗಳೂ ಬುಷ್‌ಗಳೂ ಕೂದಲೆಳೆಯಷ್ಟು ಸವೆಯುತ್ತವೆ, ಆ ಸವೆತಗಳೆಲ್ಲ ಕೂಡಿ ಚೈನ್ ಉದ್ದವಾಗುತ್ತದೆ. ಆಯಿಲ್ ಒತ್ತಡದಿಂದ ನಡೆಯುವ ಟೆನ್ಶನರ್ ಒಂದು ಮಿತಿಯವರೆಗೆ ಆ ಸಡಿಲವನ್ನು ಎಳೆದು ಹಿಡಿದಿರುತ್ತದೆ. ಮಿತಿ ಮೀರಿದಾಗ ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಕಲ್ಲು ತುಂಬಿದ ಡಬ್ಬಿ ಅಲುಗಾಡಿಸಿದಂಥ ಸದ್ದು ಕೇಳುತ್ತದೆ. ಕಿವಿಯಿದ್ದವರಿಗೆ ಇಷ್ಟು ಎಚ್ಚರಿಕೆ ಸಾಕು. ಸವೆತದ ಮುಖ್ಯ ಕಾರಣವಾದರೋ ಹಳಸಿದ ಆಯಿಲ್. ನಮ್ಮ ಓಡಾಟವೆಲ್ಲ ಗಿಡ್ಡ ದೂರದ್ದು, ಒಂದು ಎರಡನೆಯ ಗೇರಿನದ್ದು, ಆರು ತಿಂಗಳು ತೇವದ್ದು. ಎಂಜಿನ್ ಚೆನ್ನಾಗಿ ಕಾಯುವಷ್ಟರಲ್ಲಿ ಸೊಸೈಟಿ ಬಂದಿರುತ್ತದೆ! ಇಂಥ ಬಳಕೆಗೆ ಆಯಿಲನ್ನು ಬೇಗ ಬದಲಿಸಬೇಕೆಂದು ಕಂಪನಿಗಳ ಕೈಪಿಡಿಯಲ್ಲಿಯೇ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಜಾಹೀರಾತಿನ ದೊಡ್ಡಕ್ಷರಗಳಲ್ಲಿ ಆ ಮಾತು ಕಾಣುವುದಿಲ್ಲ.

ಈಗ ಮನೆಯಂಗಳದ ವಿಚಾರ. ಚೈನ್ ಬದಲಿಸುವುದು ಬ್ರಹ್ಮವಿದ್ಯೆಯಲ್ಲ, ಮಕ್ಕಳಾಟವೂ ಅಲ್ಲ. ಮಲೆನಾಡಿನಲ್ಲಿ ಕಳೆ ಕೊಚ್ಚುವ ಯಂತ್ರವನ್ನೂ ಔಷಧಿ ಹೊಡೆಯುವ ಪಂಪನ್ನೂ ಜಗುಲಿಯ ಮೇಲೆ ಬಿಚ್ಚಿ ಜೋಡಿಸುವ ಕೈಗಳಿಗೆ ಬರವಿಲ್ಲ. ಆ ಕೈಗಳಿಗೆ ಬೇಕಾದುದು ತಾಳ್ಮೆ, ಶುಚಿತ್ವ ಮತ್ತು ಸರಿಯಾದ ಮಾಹಿತಿ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಆಯಿಲ್ ಮತ್ತು ಕೂಲೆಂಟ್ ಇಳಿಸಿ, ಎಂಜಿನ್ನಿಗೆ ಕೆಳಗಿನಿಂದ ಆಧಾರ ಕೊಟ್ಟು, ಪುಲ್ಲಿ ಬಿಚ್ಚಿ ಮುಂದಿನ ಕವರ್ ತೆಗೆಯುವ ಹೊತ್ತಿಗೆ ಅರ್ಧ ದಿನ ಸಂದಿರುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳುವವನಿಗೆ ಈ ಲೇಖನ ಅನುಮತಿಪತ್ರವಲ್ಲ. ಗಟ್ಟಿ ಸ್ಟ್ಯಾಂಡ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಕವರ್ ತೆಗೆಯುವ ಮುನ್ನವೇ ಮೊದಲನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬಂದು ನಿಲ್ಲುವಂತೆ ಕ್ರ್ಯಾಂಕನ್ನು ತಿರುಗಿಸಿರಬೇಕು. ಚಕ್ರಗಳ ಮೇಲಿನ ಗುರುತುಗಳೂ ಎಂಜಿನ್ನಿನ ಮೇಲಿನ ಗುರುತುಗಳೂ ಎದುರುಬದುರಾಗಿರುವುದನ್ನು ಕಣ್ಣಾರೆ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಗುರುತಿನ ಬದಲು ದಂಡಗಳನ್ನು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ನುಗಳು ಬೇಕಾಗುತ್ತವೆ.

ಚೈನ್ ಒಂದನ್ನೇ ಬದಲಿಸಿ ಹಣ ಉಳಿಸಿದೆನೆಂದು ಬೀಗುವುದು ಉಳಿತಾಯವಲ್ಲ. ಸವೆದ ಹಲ್ಲಿನ ಚಕ್ರ ಹೊಸ ಚೈನನ್ನೂ ಬೇಗ ತಿನ್ನುತ್ತದೆ. ಆದ್ದರಿಂದ ಗೈಡ್, ಟೆನ್ಶನರ್, ಚಕ್ರ ಎಲ್ಲವೂ ಒಟ್ಟಿಗೆ ಹೊಸದಾಗಬೇಕು. ಜೋಡಣೆ ಮುಗಿದ ಮೇಲೆ ಕೀಲಿ ತಿರುಗಿಸುವ ಆತುರ ಬೇಡ. ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ. ಆಗ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಎದುರಾಗಬೇಕು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಪ್ರಯೋಗಿಸದೆ ನಿಲ್ಲಿಸಿ, ಮೊದಲಿನಿಂದ ನೋಡಿ. ಈ ಎರಡು ಸುತ್ತುಗಳಿಗೆ ಹಿಡಿಯುವುದು ಎರಡೇ ನಿಮಿಷ, ಉಳಿಯುವುದು ಇಡೀ ಎಂಜಿನ್.

ಹಾಗಿದ್ದರೆ ತಡೆಯೇನು? ತಡೆ ಲೋಹದ್ದಲ್ಲ, ಲೋಭದ್ದು. ಅಂಬಾಸಡರ್ ಕಾರಿನ ಹಳೆಯ ಎಂಜಿನ್ನಿನಲ್ಲಿಯೂ ಟೈಮಿಂಗ್ ಚೈನ್ ಇತ್ತು. ಅದನ್ನು ಬದಲಿಸಲು ಯಾರೂ ಪಾಸ್‌ವರ್ಡ್ ಕೇಳುತ್ತಿರಲಿಲ್ಲ. 2007ರ ಸುಮಾರಿಗೆ ಬಂದ ಬಿಎಂಡಬ್ಲ್ಯೂದ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಚೈನ್ ಇರುವುದು ಗೇರ್‌ಬಾಕ್ಸ್ ಕಡೆಗೆ. ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸದೆ ಕೈಗೆ ಸಿಗದು. ವಿನ್ಯಾಸ ಮಾಡುವ ಮೇಜಿನ ಮೇಲೆ ದುರಸ್ತಿಗಾರನಿಗೆ ಜಾಗವೇ ಇರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ನಮ್ಮ ದೇಶದಲ್ಲಿ ಅಸಲಿ ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಎಂದರೆ ಬಾಗಿಲು. ಬಾಗಿಲಿನ ಹಿಂದೆ ಮನೆ ಕಟ್ಟಬೇಕಾದುದು ಕಾನೂನು. ಅದೇ ವರ್ಷದ ಏಪ್ರಿಲ್‌ನಿಂದ ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ ಮಾತ್ರ 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. ಹೊಗೆ ಪರೀಕ್ಷೆಯಲ್ಲಿ ಸೋತ ಗಾಡಿ ಗುಜರಿಗೆ ಹೋಗಲಿ, ನನ್ನ ತಕರಾರಿಲ್ಲ. ಹುಟ್ಟಿದ ತಾರೀಖನ್ನೇ ರೋಗವೆಂದು ಬಗೆಯುವುದಕ್ಕೆ ತಕರಾರಿದೆ.

ಬೀಜದ ಕಥೆ ಬಲ್ಲವರಿಗೆ ಇದು ಹೊಸತಲ್ಲ. ಕೊಯ್ದ ಬೆಳೆಯಿಂದ ಬೀಜ ಉಳಿಸಿ, ಮರಳಿ ಬಿತ್ತಿ, ನೆರೆಯವನಿಗೆ ಹಂಚುವ ರೈತನ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಲು ಎಷ್ಟು ದನಿಗಳು ಬೇಕಾದವು! ಕೊಂಡ ಯಂತ್ರವನ್ನು ತೆರೆಯುವ ಹಕ್ಕು ಆ ಹಕ್ಕಿನ ಒಡಹುಟ್ಟು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿಯಂತ್ರಗಳ ದುರಸ್ತಿಯ ಹಕ್ಕಿಗೆ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು ಟ್ರ್ಯಾಕ್ಟರ್ ದುರಸ್ತಿಯನ್ನು ಕಟ್ಟಿಹಾಕಿದ ಆರೋಪದ ಮೇಲೆ ಜಾನ್ ಡೀರ್ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಿತು. ಇಂದು ಕಾರಿನ ಚೈನ್ ನಮ್ಮ ಕೈಮೀರಿದರೆ ನಾಳೆ ಟಿಲ್ಲರ್, ನಾಡಿದ್ದು ತೋಟದ ಪಂಪು.

ಮನೆದುರಸ್ತಿಯ ಉತ್ಸಾಹಿಗಳ ಕಿವಿಯನ್ನೂ ಹಿಂಡಬೇಕಾಗಿದೆ. ಇಳಿಸಿದ ಹಳೆಯ ಆಯಿಲನ್ನು ಬೇಲಿಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವ, ಉಳಿದದ್ದನ್ನು ಅಂಗಳದಂಚಿಗೆ ಚೆಲ್ಲುವ ರೂಢಿ ನಮ್ಮಲ್ಲಿದೆ. ಎಂಜಿನ್ನಿನಲ್ಲಿ ಕಾದು ಬಂದ ಆ ಎಣ್ಣೆಯಲ್ಲಿ ಸವೆತದ ಲೋಹವೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. ಮೊದಲ ಮಳೆಗೆ ಅದು ಇಳಿಯುವುದು ತೋಟದ ಕಾದಿಗೆಗೆ, ಅಲ್ಲಿಂದ ಹಳ್ಳಕ್ಕೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ತಟ್ಟೆಯಲ್ಲಿ ತೆರೆದಿಟ್ಟರೆ ನಾಯಿ ಬೆಕ್ಕುಗಳು ನೆಕ್ಕಿ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ದನಕರುಗಳಿಗೂ ಅದು ವಿಷವೇ. ಕಾರು ಉಳಿಸಿ ಹಳ್ಳ ಕೆಡಿಸುವವನಿಗಿಂತ ಸರ್ವೀಸ್ ಸೆಂಟರಿಗೆ ದುಡ್ಡು ಸುರಿಯುವವನೇ ಮೇಲು.

ಆದುದರಿಂದ ಬಳಗದ ಮುಂದಿನ ಸಭೆಯಲ್ಲಿ ನಾನು ಮೂರು ವಿಷಯ ಮಂಡಿಸಲಿದ್ದೇನೆ. ಊರಿನ ಸೊಸೈಟಿಯಲ್ಲಿ ಟಾರ್ಕ್ ರೆಂಚು, ಸ್ಟ್ಯಾಂಡು, ಲಾಕಿಂಗ್ ಪಿನ್ನುಗಳ ಒಂದು ಪೆಟ್ಟಿಗೆ ಬಾಡಿಗೆಗೆ ದೊರೆಯಬೇಕು. ಅದೇ ಜಗುಲಿಯಲ್ಲಿ ಹಳೆಯ ಆಯಿಲ್ ಮತ್ತು ಕೂಲೆಂಟಿಗೆ ಮುಚ್ಚಳವಿರುವ ಎರಡು ಬೇರೆ ಬೇರೆ ಬ್ಯಾರೆಲ್‌ಗಳಿರಬೇಕು. ತುಂಬಿದಾಗ ಪರವಾನಗಿ ಹೊಂದಿದವರಿಗೇ ಒಪ್ಪಿಸಬೇಕು. ನಮ್ಮೂರಿನ ಗ್ಯಾರೇಜಿನವರನ್ನು ಕರೆದು, ಬೇಸಿಗೆಯ ಒಂದು ಭಾನುವಾರ, ಬಿಚ್ಚಿದ ಎಂಜಿನ್ನಿನ ಮುಂದೆ ಪಾಠ ಹೇಳಿಸಬೇಕು. ಅವರ ದಿನಗೂಲಿಯನ್ನು ಬಳಗವೇ ಕೊಡತಕ್ಕದ್ದು.