ಎರಡು ಸಾಕೆಟ್, ಒಂದು ಮೀಟರ್

ಕಳೆದ ತಿಂಗಳು ದಾವಣಗೆರೆಯ ನಮ್ಮ ಬಾಡಿಗೆ ರೂಮಿನಲ್ಲಿ ಒಂದು ಮದರ್‌ಬೋರ್ಡ್ ವಿಚಾರಕ್ಕೆ ಎರಡು ರಾತ್ರಿ ಜಗಳ ನಡೆಯಿತು. ನಾವು ನಾಲ್ವರೂ ಬಿಇ ಓದುವವರು. ನಾನು ಚನ್ನಗಿರಿಯವನು, ಉಳಿದವರು ಹೊನ್ನಾಳಿ, ನ್ಯಾಮತಿ, ಜಗಳೂರಿನವರು. ದುಡ್ಡು ಕೂಡಿಸಿ ಪ್ರಾಜೆಕ್ಟಿಗೆ ಒಂದು ಕಂಪ್ಯೂಟರ್ ಜೋಡಿಸಲು ಹೊರಟಿದ್ದೆವು. ಹೊನ್ನಾಳಿಯವನದು ಒಂದೇ ಹಟ: ‘ಎರಡು ಪ್ರೊಸೆಸರ್ ಕೂರೋ ಬೋರ್ಡೇ ಬೇಕು. ಎರಡು ಹಳೇ ಜಿಯಾನ್ ಹಾಕಿದ್ರೆ 28 ಕೋರ್. ಹೊಸ ಲ್ಯಾಪ್‌ಟಾಪಿನ ಅರ್ಧ ದುಡ್ಡಿಗೆ ಇನ್ಯಾವನು ಕೊಡ್ತಾನ್ಲೇ?’

ಅವನ ಲೆಕ್ಕ ತಪ್ಪಲ್ಲ. ಇಂಟೆಲ್ 2016ರಲ್ಲಿ ತಂದ ಜಿಯಾನ್ ಇ5-2680 ವಿ4 ಪ್ರೊಸೆಸರಿನಲ್ಲಿ 14 ಕೋರ್ ಇವೆ. ಆಗ ಒಂದರ ಪಟ್ಟಿ ಬೆಲೆ 1,700 ಡಾಲರ್ ದಾಟಿತ್ತು. ಡೇಟಾ ಸೆಂಟರ್‌ಗಳು ಹಳೆಯ ಸರ್ವರ್ ತೆಗೆದು ಹೊಸದು ಹಾಕಿದಾಗ ಇವು ರಾಶಿ ರಾಶಿಯಾಗಿ ಹೊರಬಿದ್ದವು. ಚೀನಾದ ಹುವಾನಾನ್‌ಝಿ, ಜಿಂಗ್‌ಶಾ, ಮೆಷಿನಿಸ್ಟ್ ಕಂಪನಿಗಳು ಈ ಹಳೆಯ ಪ್ರೊಸೆಸರ್‌ಗಳಿಗೆಂದೇ ಅಗ್ಗದ ಬೋರ್ಡ್ ಮಾಡುತ್ತವೆ. ಅಂಥದ್ದೊಂದನ್ನು ಜಗಳೂರಿನವನು ಹಿಂದಿನ ವರ್ಷವೇ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದಿದ್ದ.

ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಚಾರಕ್ಕೆ. ಏಸಸ್, ಗಿಗಾಬೈಟ್‌ನಂಥ ಹೆಸರಾಂತ ಕಂಪನಿಗಳು ಹವ್ಯಾಸಿಗಳಿಗೆ ಇಂಥ ಬೋರ್ಡನ್ನು ಈಗ ಯಾಕೆ ಮಾಡುತ್ತಿಲ್ಲ? ಹಿಂದೆ ಇದಕ್ಕಾಗಿ ಪೈಪೋಟಿಯೇ ಇತ್ತು. 1999ರಲ್ಲಿ ತೈವಾನಿನ ಅಬಿಟ್ ಕಂಪನಿ ಬಿಪಿ6 ಎಂಬ ಬೋರ್ಡ್ ತಂದು, ಇಂಟೆಲ್ ಜೋಡಿಯಾಗಿ ಬಳಸಲೆಂದು ಮಾಡಿರದ ಅಗ್ಗದ ಸೆಲೆರಾನ್‌ಗಳನ್ನು ಎರಡೆರಡು ಕೂರಿಸಿತು. 2006ರಲ್ಲಿ ಎಎಂಡಿ ಕ್ವಾಡ್ ಎಫ್‌ಎಕ್ಸ್ ತಂದರೆ, 2008ರಲ್ಲಿ ಇಂಟೆಲ್ ಸ್ಕಲ್‌ಟ್ರೇಲ್ ಎಂಬ ಉತ್ತರ ಕೊಟ್ಟಿತು. 2010ರಲ್ಲಿ ಇವಿಜಿಎ ಕಂಪನಿಯ ಎಸ್‌ಆರ್-2 ಬಂತು. 38 ಸೆಂ.ಮೀ. ಉದ್ದದ, ಮಾಮೂಲಿ ಕ್ಯಾಬಿನೆಟ್ಟಿನಲ್ಲಿ ಹಿಡಿಸದ ಆ ಬೋರ್ಡಿನಲ್ಲಿ ಎರಡು ಜಿಯಾನ್‌ಗಳನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಬಹುದಿತ್ತು. ಹಳೆಯ ಫೋಟೊ ನೋಡಿದರೆ ನನಗೆ ಈಗಲೂ ಆಸೆಯಾಗುತ್ತದೆ.

ಆಟ ಕೆಡಿಸಿದ್ದು ಇಂಟೆಲ್. 2012ರ ಜಿಯಾನ್ ಇ5 ಪ್ರೊಸೆಸರ್‌ಗಳಿಗೆ ಅದು ಬೀಗ ಹಾಕಿತು, ವೇಗ ಹೆಚ್ಚಿಸಲು ಹೆಚ್ಚೇನೂ ಜಾಗ ಉಳಿಯಲಿಲ್ಲ. ಇವಿಜಿಎಯ ಎಸ್‌ಆರ್-ಎಕ್ಸ್, ಏಸಸ್‌ನ ಝಡ್9ಪಿಇ-ಡಿ8 ಎರಡೂ ಮಾರುಕಟ್ಟೆಗೆ ಬಂದವು, ಆದರೆ ಓವರ್‌ಕ್ಲಾಕಿಂಗಿನ ಮಜವೇ ಇಲ್ಲದೆ. ಕೊನೆಯ ಪೆಟ್ಟು ಎಎಂಡಿಯದು. 2017ರಲ್ಲಿ ಅದರ ಥ್ರೆಡ್‌ರಿಪ್ಪರ್ ಒಂದೇ ಸಾಕೆಟ್ಟಿನಲ್ಲಿ 16 ಕೋರ್ ಕೊಟ್ಟಿತು, 2020ಕ್ಕೆ ಅದು 64ಕ್ಕೆ ಏರಿತು. ಒಂದರಲ್ಲೇ ಅಷ್ಟು ಸಿಗುವಾಗ ಎರಡು ಯಾರಿಗೆ ಬೇಕು? ಇವಿಜಿಎ ಮತ್ತೆ ಎಸ್‌ಆರ್-3 ತಂದಾಗ ಅದರಲ್ಲಿದ್ದದ್ದು ಒಂದೇ ಸಾಕೆಟ್! 2022ರಲ್ಲಿ ಆ ಕಂಪನಿ ಗ್ರಾಫಿಕ್ಸ್ ಕಾರ್ಡ್ ವ್ಯಾಪಾರವನ್ನೂ ಬಿಟ್ಟಿತು.

ಸರ್ವರ್ ಲೋಕದಲ್ಲಿ ಎರಡು ಸಾಕೆಟ್ ಈಗಲೂ ಇದೆ. ಅಲ್ಲಿ ಜಿಯಾನ್‌ಗೂ ಎಎಂಡಿಯ ಎಪಿಕ್‌ಗೂ ಜಿದ್ದಾಜಿದ್ದಿ. ಆದರೆ ಅದು ದೊಡ್ಡ ಗಿರಾಕಿಗಳ ಜಾತ್ರೆ. ನಮ್ಮಂಥವರ ಪಾಲಿಗೆ ಉಳಿದಿರುವುದು ಯಾರು ಇನ್ನೂ ಅಗ್ಗಕ್ಕೆ ಕೊಡುತ್ತಾರೆ ಎಂಬ ಪೈಪೋಟಿ ಮಾತ್ರ. ಮೊದಲು ಗುಣ, ಸೌಲಭ್ಯ, ಗ್ಯಾರಂಟಿಗೂ ಸ್ಪರ್ಧೆ ಇತ್ತು. ಈಗಿನ ಅಗ್ಗದ ಬೋರ್ಡ್‌ಗಳಲ್ಲಿ ಹಲವಕ್ಕೆ ‘ಎಕ್ಸ್99’ ಎಂದು ಹೆಸರಿದ್ದರೂ ಒಳಗಿರುವ ಚಿಪ್‌ಸೆಟ್ ಹಳೆಯ ಆಫೀಸ್ ಕಂಪ್ಯೂಟರಿನಿಂದ ಬಿಡಿಸಿ ತೆಗೆದದ್ದು.

ಜಗಳೂರಿನವನ ಬೋರ್ಡಿನಲ್ಲಿ ಏಳೇ ತಿಂಗಳಿಗೆ ಅರ್ಧ ರ‍್ಯಾಮ್ ಕಾಣಿಸದಾಯಿತು. ಮಾರಿದವರು ಕೊಟ್ಟಿದ್ದು ‘ಟೆಸ್ಟಿಂಗ್ ವಾರಂಟಿ’, ಅಂದರೆ ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದರೆ ಅವರ ಜವಾಬ್ದಾರಿ ಮುಗಿಯಿತು. ಅದಕ್ಕಿಂತ ದೊಡ್ಡ ರಾದ್ಧಾಂತ ಮಾಡಿದ್ದು ಮನೆಯ ಮೀಟರ್. ಎರಡು ಪ್ರೊಸೆಸರ್‌ಗಳೇ ತಲಾ 120 ವಾಟ್. ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಫ್ಯಾನು ಸೇರಿ 350 ವಾಟ್ ಹಿಡಿಯಿರಿ. ದಿನಕ್ಕೆ 8 ಗಂಟೆ ಓಡಿಸಿದರೆ ತಿಂಗಳಿಗೆ 84 ಯೂನಿಟ್. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಎಂದು ಅವನು ತಿಳಿದಿದ್ದ. ಆದರೆ ಸಿಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅವನ ಮನೆಯ ಸರಾಸರಿ 60 ಯೂನಿಟ್. ವರ್ಷಗಟ್ಟಲೆ ಸೊನ್ನೆ ಬಿಲ್ ನೋಡಿದ್ದ ಅವರಪ್ಪ, ‘ಏನಪ್ಪಾ, ನಿನ್ನ ಪೆಟ್ಟಿಗೆ ಪಂಪ್‌ಸೆಟ್ ಕುಡಿದಂಗೆ ಕುಡಿತೈತಲ್ಲ’ ಎಂದರಂತೆ.

ಹಾಗಾದರೆ ಎರಡು ಸಾಕೆಟ್ ಬರೀ ಮೋಸವೇ? ಅಲ್ಲ. ಇಲ್ಲಿ ಪ್ರತಿ ಪ್ರೊಸೆಸರಿಗೂ ಅದರದೇ ರ‍್ಯಾಮ್ ಇರುತ್ತದೆ. ಪಕ್ಕದವನ ರ‍್ಯಾಮ್‌ನಲ್ಲಿರುವ ಡೇಟಾ ಬೇಕಾದರೆ ಹೊನ್ನಾಳಿಯ ತುಂಗಭದ್ರಾ ಸೇತುವೆ ದಾಟಿ ಹೋಗಿ ತಂದಂತೆ, ತಡ. ಹಾಗೆ ದಾಟುವುದು ಕಡಿಮೆ ಇರುವ ಕೆಲಸಕ್ಕೆ ಇದು ಲಾಭ. ಹೊನ್ನಾಳಿಯವನು ಮೆಕ್ಯಾನಿಕಲ್, ಗಾಳಿಯ ಹರಿವನ್ನು ಓಪನ್‌ಫೋಮ್‌ನಲ್ಲಿ ಲೆಕ್ಕ ಹಾಕುವವನು. ಅದಕ್ಕೆ ಕೋರ್‌ಗಿಂತ ರ‍್ಯಾಮಿನ ದಾರಿ ಮುಖ್ಯ. ಮಾಮೂಲಿ ರೈಜನ್‌ಗೆ ಆ ದಾರಿ ಎರಡು, ಜೋಡಿ ಜಿಯಾನ್‌ಗೆ ಎಂಟು. ನ್ಯಾಮತಿಯವನಿಗೆ ಅಣ್ಣನ ಸ್ಟುಡಿಯೊದ ಮದುವೆ ವಿಡಿಯೊ ಎಡಿಟ್ ಮಾಡಬೇಕು. ಅಲ್ಲಿ ಒಂದೊಂದು ಕೋರಿನ ವೇಗ ಬೇಕು, ಅದರಲ್ಲಿ 2020ರ ರೈಜನ್ ಈ ಹಳೆಯ ಜಿಯಾನ್‌ಗಿಂತ ತುಂಬಾ ಮುಂದೆ. ನನ್ನ ಕೋಡಿಂಗ್ ಕೆಲಸಕ್ಕೆ ಎರಡೂ ಹೆಚ್ಚಾಯಿತು, ನಿಜ ಹೇಳಬೇಕೆಂದರೆ.

ನನಗೆ ಬೇಸರ ತರಿಸುವುದು ಬೇರೆ. ಎಎಂಡಿಯ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಸಿ-ಡಾಕ್ ಸಂಸ್ಥೆ ‘ರುದ್ರ’ ಎಂಬ ಎರಡು ಸಾಕೆಟ್ಟಿನ ಸರ್ವರನ್ನು ದೇಶದಲ್ಲೇ ವಿನ್ಯಾಸ ಮಾಡಿದೆ. ಅದರಿಂದ ಕಟ್ಟಿದ ಮೂರು ಪರಮ್ ರುದ್ರ ಸೂಪರ್‌ಕಂಪ್ಯೂಟರ್‌ಗಳನ್ನು 2024ರ ಸೆಪ್ಟೆಂಬರಿನಲ್ಲಿ ಪುಣೆ, ದೆಹಲಿ, ಕೋಲ್ಕತ್ತಗಳಿಗೆ ಕೊಟ್ಟರು. ಬೋರ್ಡ್ ಮಾಡಲು ನಮಗೆ ಬರುತ್ತದೆ ಎಂದಾಯಿತು. ಹಳೆಯ ಸರ್ವರ್‌ಗಳಿಗೂ ಕಾನೂನಿದೆ: 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ರಿಪೇರಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಹಾಗೆ ನೋಂದಾಯಿಸಿದವರಿಂದ, ಬೆಂಗಳೂರಿನ ಕಂಪನಿಗಳು ತೆಗೆದುಹಾಕುವ ಸರ್ವರ್‌ಗಳು ಪರೀಕ್ಷೆಯಾಗಿ, ಒಂದು ವರ್ಷದ ಲಿಖಿತ ವಾರಂಟಿಯೊಂದಿಗೆ ಜಿಲ್ಲೆಯ ಕಾಲೇಜುಗಳಿಗೆ ಬಂದರೆ ಹೊನ್ನಾಳಿಯವನಂಥವರು ಚೀನಾದ ಬೋರ್ಡ್ ಹುಡುಕಬೇಕಿಲ್ಲ. ಕರೆಂಟು ಕಾಲೇಜಿನದು, ಯಾರ ಅಪ್ಪನೂ ಬೈಯುವುದಿಲ್ಲ.

ಸದ್ಯಕ್ಕೆ ನಾವು ಏನೂ ಕೊಂಡಿಲ್ಲ. ರ‍್ಯಾಮ್ ತಯಾರಕರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದಾರೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ಮಾರಾಟ ನಿಲ್ಲಿಸುವುದಾಗಿ ಹೇಳಿತು, ರ‍್ಯಾಮ್ ಬೆಲೆ ನಮ್ಮ ಕೈ ಮೀರಿತು. ಜಗಳೂರಿನವನ ಪೆಟ್ಟಿಗೆಯನ್ನೇ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಉಳಿದ ಅರ್ಧ ರ‍್ಯಾಮ್‌ನಲ್ಲಿ ರಾತ್ರಿ ಹೊತ್ತು ಹೊನ್ನಾಳಿಯವನ ಲೆಕ್ಕ ಓಡಿಸುತ್ತಿದ್ದೇವೆ. ರೂಮಿನ ಕರೆಂಟ್ ಬಿಲ್ಲನ್ನು ನಾಲ್ಕು ಪಾಲು ಮಾಡಬೇಕೋ, ಓಡಿಸಿದವನೇ ಕಟ್ಟಬೇಕೋ ಎಂಬ ಜಗಳ ಈಗ ಶುರುವಾಗಿದೆ.